ಕಂಡಿಕೆ ನಾಲ್ಕು, ಉಪಕಂಡಿಕೆ ಆ

ಜೂನ್‌ನಲ್ಲಿ ಬರಬೇಡಿ ಮೇಡಂ, ಅಂದಿದ್ದರು
ಮಡಿಕೇರಿಯ ದಾಖಲೆ ಕೋಣೆಯವರು.
ಹಾಳೆಗೆ ಹಾಳೆ ಅಂಟಿರುತ್ತದೆ, ಬಿಡಿಸಲು ಹೋದರೆ
ಒಂದರ ಆದೇಶ ಇನ್ನೊಂದರ ಬೆನ್ನಿಗೆ ಬರುತ್ತದೆ.
ಫೆಬ್ರವರಿಯಲ್ಲಿ ಹೋದೆ.

ನನ್ನ ಪ್ರಶ್ನೆ ಸಣ್ಣದು.
ಮಾರ್ಗದರ್ಶಕರ ಪ್ರಕಾರ ತೀರಾ ಸಣ್ಣದು:
ತೋಟದ ಲೈನ್‌ಮನೆಯವರಿಗೆ ನಿವೇಶನ ಕೊಡುವ
ಹನ್ನೊಂದು ವರ್ಷದ ಹಿಂದಿನ ಆದೇಶ.
ಜಿಲ್ಲೆಯಿಂದ ಹೋದ ಕರಡಿನಲ್ಲಿ
‘ಮಾಲೀಕರ ಪತ್ರ ಅಥವಾ ಪಂಚಾಯಿತಿ ದೃಢೀಕರಣ’.
ಬೆಂಗಳೂರಿನಿಂದ ಮರಳಿದ್ದರಲ್ಲಿ
‘ಮಾಲೀಕರ ಪತ್ರ ಮತ್ತು ಪಂಚಾಯಿತಿ ದೃಢೀಕರಣ’.

ಮೂರಕ್ಷರ ಹೋಗಿ ಎರಡಕ್ಷರ ಬಂದಿತ್ತು.
ಯಾವ ಸಾಹುಕಾರ ಬರೆದುಕೊಡುತ್ತಾನೆ,
ಇವರು ಇಪ್ಪತ್ತು ವರ್ಷದಿಂದ ನನ್ನ ಲೈನಿನಲ್ಲೇ ಇದ್ದಾರೆ ಅಂತ?

ಟಿಪ್ಪಣಿ ಹಾಳೆಗಳನ್ನು ತಿರುವಿದೆ.
ಹಸಿರು ಶಾಯಿಯಲ್ಲಿ ‘ಚರ್ಚಿಸಿ’.
ಇನ್ನೊಂದು ಹಸಿರಿನಲ್ಲಿ ‘ಚರ್ಚಿಸಿದೆ’.
ಏನು ಚರ್ಚಿಸಿದರು, ಶಾಯಿ ಹೇಳಲಿಲ್ಲ.
ಬೆಳೆಗಾರರ ಕೈವಾಡ ಅಂತ ಅಧ್ಯಾಯದ ಶೀರ್ಷಿಕೆ ಕೂಡ ಬರೆದಿಟ್ಟಿದ್ದೆ,
ಅಂದವಾದ ಶೀರ್ಷಿಕೆ.
ಅವರ ಮನವಿ ಸಿಕ್ಕಿತು, ನಾಲ್ಕು ಪುಟ:
ಪಂಪ್‌ಸೆಟ್ಟಿನ ಕರೆಂಟು, ಮೆಣಸಿನ ಆಮದು, ಆನೆ ಕಂದಕ.
ನಾಲ್ಕನೇ ಕಂಡಿಕೆಯನ್ನು ಅವರು ಓದಿಯೇ ಇರಲಿಲ್ಲ.
ಆ ರಾತ್ರಿ ವಸತಿಗೃಹದಲ್ಲಿ ಶೀರ್ಷಿಕೆ ಅಳಿಸಿದೆ.
ಸ್ವಲ್ಪ ಸಿಟ್ಟೂ ಬಂತು, ಅವರ ಮೇಲಲ್ಲ,
ತಪ್ಪು ಮಾಡಿರದ ಅವರ ಮೇಲೆ ಸಿಟ್ಟಾಗಲು ಆಗದ್ದಕ್ಕೆ.

ಆಗಿನ ಶಾಖಾಧಿಕಾರಿ ನಿವೃತ್ತರಾಗಿ ಕುಶಾಲನಗರದಲ್ಲಿದ್ದರು.
ಪಂಚೆ ಎತ್ತಿ ಕಟ್ಟಿ, ಗೋಣಿಯ ಮೇಲೆ ನಿಂತು
ಮೆಣಸಿನ ತೆನೆಗಳನ್ನು ಕಾಲಲ್ಲಿ ಉಜ್ಜುತ್ತಿದ್ದರು.
ನಿಲ್ಲಿಸದೆಯೇ ಮಾತಾಡಿದರು:
‘ಹಳೇ ಆದೇಶದ ಮೇಲೇ ಹೊಸದನ್ನು ಕೂರಿಸುತ್ತಿದ್ದೆವು ತಾಯಿ.
ಬೇರೆ ಜಿಲ್ಲೆಯ ಗುಡಿಸಲಿನ ಆದೇಶ ಒಂದಿತ್ತು,
ಅದರಲ್ಲಿ ‘ಮತ್ತು’ ಇತ್ತು. ಹಾಗೇ ಬಂದಿರಬೇಕು.
ಅವತ್ತು ಸಂಜೆ ಸಹಿ ಆಗಲೇಬೇಕಿತ್ತು, ನೀತಿ ಸಂಹಿತೆ ಬೀಳುವುದಿತ್ತು.’
ಕಾಳು ಗೋಣಿ ದಾಟಿ ಅಂಗಳಕ್ಕೆ ಹಾರಿತು.
‘ಯಾರಾದರೂ ಹೇಳಿದ್ದರೆ ತಿದ್ದೋಲೆ ಹೊರಡಿಸಬಹುದಿತ್ತು.
ಅರ್ಧ ದಿನದ ಕೆಲಸ.’
ಹನ್ನೊಂದು ವರ್ಷ ಯಾರೂ ಹೇಳಲಿಲ್ಲವೇ?
‘ಯಾರೂ ಕೇಳಲಿಲ್ಲ’ ಅಂದರು, ಬಗ್ಗಿ
ಹಾರಿದ ಕಾಳನ್ನು ಒಂದೊಂದಾಗಿ ಹೆಕ್ಕುತ್ತ.

ತಿತಿಮತಿಯ ಆಚೆ, ಆನೆ ನುಗ್ಗಿದ ಬೇಲಿಯ ಪಕ್ಕದ ಲೈನಿನಲ್ಲಿ
ಆಕೆ ಯೂರಿಯಾ ಚೀಲದೊಳಗಿಂದ ತೆಗೆದು ತೋರಿಸಿದಳು:
‘ಕಂಡಿಕೆ ೪(ಆ) ಪೂರೈಸಿಲ್ಲ. ತಿರಸ್ಕರಿಸಿದೆ.’
ಮಡಿಕೆಯ ಗೆರೆಯಲ್ಲಿ ಕಾಗದ ಹರಿದು
‘ತಿರಸ್’ ಒಂದು ಕಡೆ, ‘ಕರಿಸಿದೆ’ ಒಂದು ಕಡೆ.
‘ಮತ್ತು’ವಿನ ಕಥೆಯನ್ನೆಲ್ಲ ಹೇಳಿದೆ.
ಬಹಳ ಹೊತ್ತು ಒಲೆಯ ಕಡೆ ನೋಡಿ ಕೇಳಿದಳು:
‘ಅವರಿಗೆ ಬೇಜಾರಾಯ್ತಾ?’
ನಲವತ್ತಮೂರು ಪ್ರಶ್ನೆಗಳಿದ್ದವು ನನ್ನ ಪಟ್ಟಿಯಲ್ಲಿ.
ಅದೊಂದು ಇರಲಿಲ್ಲ.

ಸಮ್ಮತಿ ಪತ್ರ ಓದಿ ಹೇಳಿದೆ:
ನಿಮ್ಮ ಹೆಸರನ್ನು ಗೋಪ್ಯವಾಗಿ ಇಡಲಾಗುವುದು.
‘ಯಾಕೆ? ನಾನೇನು ಕದ್ದಿದ್ದೀನಾ?
ಹಾಕು ನನ್ನ ಹೆಸರು. ದೊಡ್ಡದಾಗಿ ಹಾಕು.’
ನಿಯಮ ಅಂದೆ. ಅದೂ ಒಂದು ಸಮಿತಿ,
ಅದಕ್ಕೂ ಕಂಡಿಕೆಗಳಿವೆ.
ಹೆಬ್ಬೆಟ್ಟು ಒತ್ತಿದಳು, ನನ್ನ ಮುಖ ನೋಡದೆ.

ಪ್ರಬಂಧದಲ್ಲಿ ಆಕೆ ‘ಮಾಹಿತಿದಾರರು ೧೭’.
ಪರೀಕ್ಷಕರು ಮೆಚ್ಚಿದರು, ವಿಶೇಷವಾಗಿ
ಹದಿನೇಳರ ಉದ್ಧರಣೆಯನ್ನು.

ಆಮೇಲೆ ಒಂದು ಸೋಮವಾರ ಬಸ್ಸು ಹತ್ತಿ ಬಂದೆ.
ಪ್ರಬಂಧವಲ್ಲ, ಒಂದೇ ಪುಟ:
ತಿದ್ದೋಲೆ ಹೊರಡಿಸುವ ಕುರಿತು.
ಅರ್ಜಿದಾರರ ಜಾಗದಲ್ಲಿ ಬರೆದೆ:
ಅಮ್ಮಿಣಿ, ಗಂಡ ಬೊಳಕ. ಮತ್ತು
ಅದರ ಕೆಳಗೆ ನನ್ನದು.
ಟಪಾಲಿನ ಹುಡುಗಿ ಕೇಳಿದಳು,
‘ಇಬ್ಬರಾ? ಒಬ್ಬರದ್ದು ಸಾಕಲ್ವಾ?’
ಇರಲಿ, ಅಂದೆ.
‘ಮೊದಲನೆಯವರ ವಿಳಾಸ ಬಿಟ್ಟಿದ್ದೀರಿ’ ಅಂದಳು,
ಪೆನ್ನು ನನ್ನ ಕಡೆ ಚಾಚಿ.
ಹಿಂದೆ ಸಾಲು ಬೆಳೆಯುತ್ತಿತ್ತು.