ಎಲಿಸೊ ಕೇಳಿದ ಪ್ರಶ್ನೆಗೆ

ಪಾಸಾದದ್ದು ಹೇಗೆ ಅಂತ ಕೇಳಿದೆಯಲ್ಲ ಎಲಿಸೊ,
ಕೂತುಕೊ, ಆ ಹಿಟ್ಟಿನ ಮೂಟೆಯ ಮೇಲೆಯೇ.
ಕುತಾಯಿಸಿಯಲ್ಲಿ ಬೆಳಗಿನ ಐದು ಗಂಟೆಗೆ
ಬೇರೆಲ್ಲೂ ಇಷ್ಟು ಬೆಚ್ಚಗಿರುವುದಿಲ್ಲ.
ಸೆವೆರಿಯಾನ್ ಬರುವುದರೊಳಗೆ ನೂರಾಇಪ್ಪತ್ತು ರೊಟ್ಟಿ ಆಗಬೇಕು,
ಬಡಿಯುತ್ತಲೇ ಮಾತಾಡುತ್ತೇನೆ, ತಪ್ಪು ತಿಳಿಯಬೇಡ.

ಮೊದಲ ಸಲ ನಪಾಸಾದೆ. ನೂರಕ್ಕೆ ಹತ್ತೊಂಬತ್ತು.
ಓದಿರಲಿಲ್ಲ ಅಂದುಕೊಂಡೆಯಾ?
ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದಿದ್ದೆ.
ಹಳದಿ ಪೆನ್ನು, ಹಸಿರು ಪೆನ್ನು, ಪುಟವೆಲ್ಲ ಗಿಳಿಯ ರೆಕ್ಕೆ;
ಪಾಠವೂ ಗಿಳಿಯದೇ.
ಲಮಾರಾ ಮೇಡಂ ಬೋರ್ಡಿನ ಮೇಲೆ ಬರೆದ ಸಾಲುಸಾಲಿಗೂ ತಲೆದೂಗಿದ್ದೆ,
ಪಕ್ಕದ ಮನೆಯ ಮದುವೆಯಲ್ಲಿ ಕುಣಿದ ಹಾಗೆ.
ಪರೀಕ್ಷೆಯಲ್ಲಿ ಖಾಲಿ ಹಾಳೆ ಮುಂದೆ ಬಂದಾಗ
ಎಲ್ಲ ಗೊತ್ತಿತ್ತು, ಮೊದಲ ಸಾಲೊಂದನ್ನು ಬಿಟ್ಟು.

(ಆ ನೀರಿನ ಬಟ್ಟಲು ಇತ್ತ ಕೊಡು.)

ಆ ಬೇಸಿಗೆಯಲ್ಲೇ ಇಲ್ಲಿ ಕೆಲಸಕ್ಕೆ ಸೇರಿದ್ದು.
ಮೂರು ದಿನ ಸೆವೆರಿಯಾನ್ ಮಾಡುವುದನ್ನು ನೋಡಿದೆ.
ಬಾವಿಯಂಥ ಒಲೆಯೊಳಗೆ ಅರ್ಧ ಮೈ ಇಳಿಸಿ
ಹಿಟ್ಟನ್ನು ಗೋಡೆಗೆ ಫಟ್ಟೆಂದು ಅಂಟಿಸುತ್ತಾನೆ, ಮೇಲೇಳುತ್ತಾನೆ.
ಇದೇನು ಮಹಾ, ಅನ್ನಿಸಿತು.
ನಾಲ್ಕನೆಯ ದಿನ ನನ್ನ ಕೈಗೆ ಕೊಟ್ಟ.
ಹದಿನಾಲ್ಕು ರೊಟ್ಟಿ ಕೆಂಡಕ್ಕೆ ಬಿದ್ದವು.
ಮೊಣಕೈಯ ಈ ಕಲೆ ಆವತ್ತಿನದು.
ಬೈಯಲಿಲ್ಲ ಅವನು. ಬಿದ್ದದ್ದನ್ನೆಲ್ಲ ಕೊಕ್ಕೆಯಿಂದ ಎತ್ತಿ
ಹಲಗೆಯ ಮೇಲೆ ಸಾಲಾಗಿ ಇಟ್ಟು ಕೇಳಿದ:
"ಇದು ಯಾಕೆ ಬಿತ್ತು? ಇದು? ಇದು?"
ಒಂದಕ್ಕೆ ನೀರು ಜಾಸ್ತಿ. ಒಂದಕ್ಕೆ ಹೆದರಿ ಕೈ ಹಿಂದೆಗೆದಿದ್ದೆ.
ಉಳಿದವು ಗೊತ್ತಿಲ್ಲ ಅಂದೆ.
"ಹಾಗಾದರೆ ಇನ್ನೂ ಹನ್ನೆರಡಿವೆ," ಅಂದ.

ಆವತ್ತು ರಾತ್ರಿ ಹಾಸಿಗೆಯಡಿಯಿಂದ ಉತ್ತರಪತ್ರಿಕೆ ತೆಗೆದೆ.
ಕೆಂಪು ಗೆರೆಗಳನ್ನು ಒಂದೊಂದಾಗಿ ಕೇಳಿದೆ, ಇದು ಯಾಕೆ ಬಿತ್ತು?
ಎಪ್ಸಿಲಾನ್ ಯಾರೋ ಕೊಡುವುದು, ಡೆಲ್ಟಾ ನಾನು ಹುಡುಕುವುದು:
ಅಷ್ಟನ್ನೇ ತಿರುಗಾಮುರುಗಾ ಮಾಡಿದ್ದೆ, ಮೂರು ಕಡೆ.
ಆ ತಪ್ಪುಗಳಿಗೆಂದೇ ಒಂದು ನೋಟ್‌ಬುಕ್. ಅಲ್ಲಿದೆ ನೋಡು,
ಉಪ್ಪಿನ ಡಬ್ಬಿಯ ಹಿಂದೆ.
ಓದು. ನಗಬಹುದು. ಬಾದ್ರಿ ನಕ್ಕಿದ್ದಾನೆ.

ಬಾದ್ರಿ ಯಾರೆಂದರೆ, ಪ್ರತಿ ಬುಧವಾರ ಬಿಳಿ ಸೇತುವೆಯ ಮೇಲೆ
ನನ್ನ ಬಾಯಿಂದ ಪ್ರಮೇಯ ಹೇಳಿಸುತ್ತಿದ್ದವನು.
ಪುಸ್ತಕ ಮುಚ್ಚಿ ಹೇಳಬೇಕು. ಕೆಳಗೆ ರಿಯೋನಿಯ ಗದ್ದಲ,
ಜೋರಾಗಿಯೇ ಹೇಳಬೇಕು.
"ಸ್ಪಷ್ಟವಾಗಿ ಕಾಣುವಂತೆ" ಅಂದೆನೋ, ಹಿಡಿದುಬಿಡುತ್ತಿದ್ದ:
ಯಾರಿಗೆ ಸ್ಪಷ್ಟ? ನಿನಗಾ, ಈ ನದಿಗಾ?
ಎಷ್ಟೋ ಬುಧವಾರ ಜಗಳವಾಡಿಕೊಂಡೇ ಮನೆಗೆ ಹೋದೆವು.

ಲಮಾರಾ ಮೇಡಂ ಕೋಣೆಗೂ ಹೋದೆ. ಎರಡು ಸಲ ಬಾಗಿಲಿಂದಲೇ ವಾಪಸು,
ಮೂರನೆಯ ಸಲ ಒಳಗೆ. "ಏನೂ ಅರ್ಥವಾಗಿಲ್ಲ" ಅಂದೆ.
"ಏನೂ ಎನ್ನುವುದು ಪ್ರಶ್ನೆಯಲ್ಲ. ಯಾವ ಸಾಲು?"
ಆ ಸಾಲು ಹುಡುಕಲು ಒಂದು ವಾರ ಬೇಕಾಯಿತು.
ಸಿಕ್ಕ ಮೇಲೆ ಕೇಳುವುದಕ್ಕೇನೂ ಉಳಿದಿರಲಿಲ್ಲ.
ಆದರೂ ಹೋದೆ, ಒಂದು ಬಿಸಿ ರೊಟ್ಟಿ ಹಿಡಿದುಕೊಂಡು.

ದಿನಕ್ಕೆ ಎಷ್ಟು ಗಂಟೆ ಅಂತೀಯಾ?
ಒಲೆ ಕಾಯುವ ನಲವತ್ತು ನಿಮಿಷ ಇತ್ತು.
ಅದು ದಿನಾ ಇತ್ತು. ಭಾನುವಾರವೂ.
ಒಂದೇ ಲೆಕ್ಕ ಒಮ್ಮೆ ಒಂಬತ್ತು ಬೆಳಗು ತಿಂದಿತು.
ಹತ್ತನೆಯ ದಿನ ನಾದುತ್ತಿದ್ದಾಗ, ಅದರ ಯೋಚನೆಯೇ ಇಲ್ಲದಾಗ,
ತಾನಾಗಿ ಬಂದು ಬಾಗಿಲು ತಟ್ಟಿತು. ಕೈ ತುಂಬ ಹಿಟ್ಟು;
ಗೋಡೆಯ ಮೇಲೆ ಬೆರಳಲ್ಲೇ ಬರೆದೆ.
ಸೆವೆರಿಯಾನ್ ಇನ್ನೂ ಅದನ್ನು ಒರೆಸಿಲ್ಲ.
ಪ್ರಾರ್ಥನೆ ಅಂದುಕೊಂಡಿದ್ದಾನೆ.

ಎರಡನೆಯ ಸಲ ಅರವತ್ತನಾಲ್ಕು. ದೊಡ್ಡದೇನಲ್ಲ.
ಅನಂತ ಶ್ರೇಣಿ ಅಂದರೆ ಈಗಲೂ ಎದೆ ಡವಗುಟ್ಟುತ್ತದೆ.
ಈಗಲೂ ದಿನಕ್ಕೆ ಒಂದೆರಡು ಕೆಂಡಕ್ಕೆ ಬೀಳುತ್ತವೆ.

ಏಳು, ತೋಳು ಮಡಿಸು. ನೋಡಿದ್ದು ಸಾಕು.
ಈ ಉಂಡೆ ನಿನ್ನದು.
ಉಸಿರು ಬಿಗಿಹಿಡಿದು ಬಗ್ಗು,
ಹೆದರಿ ಕೈ ಹಿಂದೆಗೆಯಬೇಡ.
ಹಿಂದೆಗೆದರೂ ಸರಿ,
ಆಮೇಲೆ ಹೇಳುವೆಯಂತೆ, ಯಾಕೆ ಬಿತ್ತು.