ಮೂವತ್ತೊಂಬತ್ತು

ವೀಬೆ ಹಿಡಿಯುವುದು ಮೀನಲ್ಲ.
ಆಮ್‌ಸ್ಟರ್‌ಡ್ಯಾಮಿನ ಕಾಲುವೆಗೆ ಕಬ್ಬಿಣದ ಕೈ ಇಳಿಸಿ
ದಿನಕ್ಕೆ ನಲವತ್ತು ಸೈಕಲ್ಲು ಎತ್ತುತ್ತಾನೆ:
ಕುಡಿದವರು ಎಸೆದದ್ದು, ಕಳ್ಳರು ಬಿಟ್ಟದ್ದು, ಗಾಳಿ ತಳ್ಳಿದ್ದು,
ಬುಟ್ಟಿಯಲ್ಲಿ ಏಡಿಯೊಂದು ಸಂಸಾರ ಹೂಡಿದ್ದು.

ಇವತ್ತು ಬಂದದ್ದಕ್ಕೆ ಟೈರಿಲ್ಲ;
ರಿಮ್ಮಿಗೆ ತಂತಿ ಬಿಗಿದು ಸುತ್ತಿದ ತೋಟದ ಪೈಪು.
ಯಂತ್ರ ನಿಲ್ಲಿಸಿದ.

ಯುದ್ಧದ ಕೊನೆಯ ಚಳಿಗಾಲ, ರಬ್ಬರೆಲ್ಲ ಸೈನ್ಯದ ಪಾಲು;
ಅಜ್ಜಿ ಹೀಲ್ಟ್ಯೆ ಇಂಥದ್ದೇ ಗಡಗಡ ತುಳಿದು
ಮದುವೆಯ ಹಾಸುಬಟ್ಟೆ ಕೊಟ್ಟು
ಅರ್ಧ ಮೂಟೆ ಆಲೂಗಡ್ಡೆ ತಂದಿದ್ದಳಂತೆ.
ಅದನ್ನುಂಡು ಉಳಿದ ಕೂಸು ಅವನಮ್ಮ.

ಸೇತುವೆಯ ಮೇಲೆ ಬೆಲ್ಲೋ ಬೆಲ್ಲು,
ಮುಂದಿನ ಪೆಟ್ಟಿಗೆಯಲ್ಲಿ ಮಗು ಕೂರಿಸಿಕೊಂಡ ಅಪ್ಪಂದಿರು.
ಯಾರೂ ಕೆಳಗೆ ನೋಡುವುದಿಲ್ಲ.

ಪೆಡಲಿಗೆ ಬೆರಳು ಕೊಟ್ಟ.
ಮುನಿದು ಮುನಿದು ಅರ್ಧ ಸುತ್ತು ತಿರುಗಿತು.
ಗುಜರಿಗೆ ಹಾಕಲು ಕೈ ಏಳಲಿಲ್ಲ.
“ಇವತ್ತು ಮೂವತ್ತೊಂಬತ್ತೇ, ಬರಕೋ”
ಎಂದ ಸಹಾಯಕನಿಗೆ.