ಹನ್ನೆರಡು ಲೋಟ

ಹದಿಮೂರಕ್ಕೇ ನನಗೆ ಸಿಕ್ಕ ಕೆಲಸ ನೀರು ಕಾಸುವುದು.
ವೇಲ್ಸಿನ ಸ್ಲೇಟುಗಣಿ, ಬೆಟ್ಟದ ಹೊಟ್ಟೆಯೊಳಗೊಂದು ಕಲ್ಲುಗೂಡು,
ಹನ್ನೆರಡು ಮೊಳೆ, ಹನ್ನೆರಡು ಲೋಟ,
ಊಟಕ್ಕೆ ಅರ್ಧ ಗಂಟೆ, ಮತ್ತೆ
ಆತ ಸತ್ತದ್ದು ಯಾರಿಗಾಗಿ ಎಂಬ ಜಗಳ.

ಇಥೆಲ್ ಮೇಲುಬೀದಿಯ ಚಾಪೆಲ್ಲಿನವ. ರೊಟ್ಟಿ ಮುರಿಯುತ್ತ ಹೇಳುವನು:
'ತನ್ನವರಿಗಾಗಿ. ಒಬ್ಬೊಬ್ಬರ ಹೆಸರು ಹಿಡಿದು.
ಒಂದು ಹನಿ ನೆತ್ತರೂ ನೆಲದ ಪಾಲಾಗಲಿಲ್ಲ.'
ಎಡ್ನಿವೆಡ್ ವೆಸ್ಲಿಯವರ ಪೈಕಿ. ಅವನ ಕಿವಿಗೆ ಬಿದ್ದದ್ದು:
ಬಾಗಿಲು ಹಾಕಿಯಾಗಿದೆ, ಅಳುವವರು ಅಳಲಿ.

'ಎಲ್ಲರಿಗಾಗಿ!' ಎಂದು ಎಡ್ನಿವೆಡ್ ಲೋಟ ಕುಕ್ಕಿದರೆ
ಇಥೆಲ್‌ಗೆ ಕೇಳಿಸಿದ್ದು:
ಸಾಲ ತೀರಿದರೂ ಜೈಲು ತಪ್ಪಿದ್ದಲ್ಲ,
ಕಡಿಮೆ ಬಿದ್ದದ್ದನ್ನು ನಿನ್ನ ಗಂಟಿನಿಂದ ಹಾಕು.

ಇಬ್ಬರೂ ಹಾಗಂದಿರಲಿಲ್ಲ.
ನಾನು ಅಲ್ಲೇ ಇದ್ದೆ, ಹೊಗೆಗೆ ಕಣ್ಣುಜ್ಜಿಕೊಳ್ಳುತ್ತ.
ಉಳಿ ತಾಗಿದಲ್ಲಿ ಸ್ಲೇಟು ಹಾಳೆಹಾಳೆಯಾಗಿ ಸೀಳುತ್ತದಲ್ಲ,
ಹಾಗೆ ಸೀಳುತ್ತಿತ್ತು ಮಾತು;
ಆಡಿದ್ದೊಂದು ಹಾಳೆ, ಕೇಳಿದ್ದೊಂದು.

ಒಮ್ಮೆ ನಡುವೆ ಬಾಯಿ ಹಾಕಿದೆ:
'ನಾನು ಕಾಸೋ ಟೀ ಹನ್ನೆರಡು ಜನಕ್ಕೂ ಸಾಲುತ್ತೆ.
ಗೊರೊನ್ವಿ ಮಾಮ ಮುಟ್ಟೋದೇ ಇಲ್ಲ.
ಅವನ ಪಾಲು ಕಾಸಿದ್ದು ಯಾರಿಗೆ?'
ಗೊರೊನ್ವಿ ನಕ್ಕ. ಇವರಿಬ್ಬರೂ ಒಂದೇ ದನಿಯಲ್ಲಿ:
'ಸುಮ್ನಿರು, ಒಲೆ ನೋಡು.'
ಆ ವರ್ಷ ಅವರು ಒಪ್ಪಿದ್ದು ಅದೊಂದೇ ಮಾತು.

ಫೆಬ್ರವರಿಯಲ್ಲಿ ಐದನೇ ಅಂಕಣದ ಸೂರು ಕುಸಿಯಿತು.
ದೂಳಿನಲ್ಲಿ ದೀಪವೂ ಕುರುಡು.
ಎಡ್ನಿವೆಡ್ ಮಂಡಿಯೂರಿ, ಬರಿಗೈಯಲ್ಲಿ ಕಲ್ಲು ಬಗೆಯುತ್ತ
ಕೂಗುತ್ತಿದ್ದದ್ದು ಒಂದೇ ಹೆಸರು: ಟೆಗ್ವಿನ್, ಟೆಗ್ವಿನ್,
ತಂಗಿಯ ಮಗ. ಆ ಹೊತ್ತು ಲೋಕದಲ್ಲಿ
ಬೇರೆ ಯಾರೂ ಹುಟ್ಟಿಯೇ ಇರಲಿಲ್ಲ ಅವನ ಪಾಲಿಗೆ.
ಇಥೆಲ್ ಬಿರುಕಿಗೆ ಬಾಯಿಟ್ಟು ಗಂಟಲು ಹರಿದುಕೊಳ್ಳುತ್ತಿದ್ದ:
'ಯಾರಿದ್ದೀರಿ ಒಳಗೆ? ಯಾರಾದರೂ ಸರಿ,
ಹಗ್ಗ ಬಿಟ್ಟಿದ್ದೇನೆ, ಹಿಡಿದುಕೊಳ್ಳಿ!'

ಹಗ್ಗ ಹಿಡಿದು ಇಬ್ಬರು ಬಂದರು.
ಟೆಗ್ವಿನ್‌ಗೆ ಹಿಡಿಯಲು ಕೈ ಏಳಲಿಲ್ಲ.
ಎಡ್ನಿವೆಡ್ ತಾನೇ ತೂರಿಹೋಗಿ ಹೆಗಲಿಗೆ ಹಾಕಿಕೊಂಡು ತಂದ,
'ಬಿಡು, ನೋವು' ಅಂದರೂ ಬಿಡದೆ.
ಗೊರೊನ್ವಿ ಹೆಸರಿಗೂ ಓಗೊಡಲಿಲ್ಲ, ಹಗ್ಗಕ್ಕೂ.

ಸೋಮವಾರ ಮತ್ತೆ ಜಗಳ ಶುರುವಾಯಿತು.
ತನ್ನವರಿಗಾಗಿ, ಎಂದ ಒಬ್ಬ, ಮೊಳೆಯ ಕಡೆ ನೋಡದೆ.
ಎಲ್ಲರಿಗಾಗಿ, ಎಂದ ಇನ್ನೊಬ್ಬ, ಅವನೂ ನೋಡದೆ.
ಆಮೇಲೆ ಬಹಳ ಹೊತ್ತು ರೊಟ್ಟಿ ಅಗಿಯುವ ಸದ್ದು.

ಒಂದು ಲೋಟ ಕಡಿಮೆ ಮಾಡು ಅಂತ
ಯಾರೂ ನನಗೆ ಹೇಳಲಿಲ್ಲ.
ನಾನು ಹನ್ನೆರಡಕ್ಕೇ ನೀರಿಟ್ಟೆ.